ನೀಲಿ ಹೊಗೆ ಕಂಡ ತಕ್ಷಣ ಇಂಜಿನ್ ಬಿಚ್ಚಿಸ್ಬೇಡಿ

ನಮ್ಮನೆ ಆಲ್ಟೋ 2006ರದ್ದು. 796 ಸಿಸಿ, 3 ಸಿಲಿಂಡರ್, 12 ವಾಲ್ವಿನ ಪೆಟ್ರೋಲ್ ಇಂಜಿನ್, ಮೀಟರ್ 1,38,000 ಕಿಲೋಮೀಟರ್ ದಾಟಿದೆ. ತಿಂಗಳಿಗೊಂದ್ಸಲ ಅಮ್ಮನ್ನ ಚೆಕಪ್‌ಗೆ ಅಂತ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಕೆಳಗೆ ಕರ್ಕೊಂಡು ಹೋಗ್ತೀನಿ, ಸಂಜೆ ಅದೇ 14 ತಿರುವು ಹತ್ತಿ ವಾಪಸ್. ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಈ ಗಾಡಿ ಎರಡು ತೊಂದರೆ ಶುರು ಮಾಡ್ತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಅಂಗಳ ತುಂಬ ನೀಲಿ ಹೊಗೆ, ಅಂದ್ರೆ ಇಂಜಿನ್ ಆಯಿಲ್ ಉರೀತಿದೆ ಅಂತ. ಘಾಟಿ ಹತ್ತೋವಾಗ ಸೆಕೆಂಡ್ ಗೇರಲ್ಲೂ ಎಳೆಯೋದಿಲ್ಲ, ಆಕ್ಸಿಲೇಟರ್ ಪೂರ್ತಿ ಒತ್ತಿದ್ರೂ ಯಾರೋ ಹಿಂದಿಂದ ಹಿಡ್ಕೊಂಡಂಗೆ.

ಶಿವಮೊಗ್ಗದ ಒಂದು ಗ್ಯಾರೇಜಿಗೆ ತಗೊಂಡು ಹೋದೆ. ಅಲ್ಲಿ ಗಾಡಿ ಹತ್ತು ನಿಮಿಷ ಐಡ್ಲಿಂಗಲ್ಲಿ ಬಿಟ್ಟು ಒಂದ್ಸಲ ಜೋರಾಗಿ ರೇಸ್ ಮಾಡಿದ್ರು, ಹೊಗೆ ಬಂತು, ಅಷ್ಟೇ. "ಸಾರ್, ರಿಂಗ್ ಪಿಸ್ಟನ್ ಹೋಗಿದೆ, ಬೋರ್ ಮಾಡ್ಸಬೇಕು, 55 ಸಾವಿರ ಇಟ್ಕೊಳ್ಳಿ." ಅಂದ್ರೆ ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡೋ ಪಿಸ್ಟನ್ನೂ, ಆಯಿಲ್ ಮೇಲೆ ಬರದಂಗೆ ಅದರ ಸುತ್ತ ಇರೋ ರಿಂಗೂ ಸವೆದಿದೆ, ಇಂಜಿನ್ ಬಿಚ್ಚಿ ಸಿಲಿಂಡರ್ ಕೊರೆಸ್ಬೇಕು ಅಂತ. ಒಂದು ಗೇಜ್ ಹಾಕ್ಲಿಲ್ಲ, ಒಂದು ಪ್ಲಗ್ ಬಿಚ್ಚಿ ನೋಡ್ಲಿಲ್ಲ, ಹೊಗೆ ಯಾವಾಗ ಬರುತ್ತೆ ಅಂತ ಒಂದು ಮಾತು ಕೇಳ್ಲಿಲ್ಲ. ಮನೇಲಿ ಎಲ್ಲರೂ ಮಾರಿಬಿಡು ಅಂದ್ರು. ಆ ಗಾಡಿಗೆ ಇವತ್ತು ಸಿಗೋ ದುಡ್ಡು ಹೆಚ್ಚು ಕಮ್ಮಿ ಆ ಕೆಲಸದ ಖರ್ಚಿನಷ್ಟೇ, ಅದಕ್ಕೇ ಆ ಮಾತಲ್ಲೂ ತಪ್ಪಿರ್ಲಿಲ್ಲ. ಆದ್ರೆ ಏನಾಗಿದೆ ಅಂತಾನೇ ಗೊತ್ತಿಲ್ಲದೆ ಮಾರೋಕೆ ನನಗೆ ಮನಸ್ಸು ಬರ್ಲಿಲ್ಲ.

ಮೂರು ವಾರ ಒಂದು ನೋಟ್‌ಬುಕ್ ಗಾಡೀಲೇ ಇಟ್ಕೊಂಡೆ. ಹೊಗೆ ಯಾವಾಗ ಬಂತು, ಎಂತ ಬಣ್ಣ, ಎಷ್ಟು ಹೊತ್ತು, ಇಂಜಿನ್ ಬಿಸಿ ಇತ್ತಾ ತಣ್ಣಗಿತ್ತಾ, ಆಯಿಲ್ ಎಷ್ಟು ಹಾಕ್ದೆ, ಇಷ್ಟೇ ಬರೀತಿದ್ದೆ. ಈ ಪೋಸ್ಟಲ್ಲಿ ನಿಮಗೆ ಉಪಯೋಗ ಆಗೋದು ಒಂದೇ ವಿಷಯ ಇದ್ರೆ ಅದು ಇದೇ, ಯಾಕಂದ್ರೆ ಹೊಗೆಯ ಬಣ್ಣಕ್ಕಿಂತ ಹೊಗೆ ಬರೋ ಹೊತ್ತು ಜಾಸ್ತಿ ಹೇಳುತ್ತೆ, ಮತ್ತೆ ಆ ಹೊತ್ತು ಗೊತ್ತಿರೋದು ಗಾಡಿ ಓಡ್ಸೋ ನಮಗೆ ಮಾತ್ರ, ಗ್ಯಾರೇಜಿನವರಿಗಲ್ಲ.

ನೋಟ್‌ಬುಕ್ಕಲ್ಲಿ ಕಂಡಿದ್ದು ಹೀಗೆ. ರಾತ್ರಿ ಪೂರ್ತಿ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ, ಅರ್ಧ ನಿಮಿಷದಲ್ಲಿ ಮಾಯ. ಘಾಟಿ ಹತ್ತೋವಾಗ, ಅಂದ್ರೆ ಇಂಜಿನ್ ಮೇಲೆ ಪೂರ್ತಿ ಲೋಡ್ ಇದ್ದಾಗ, ಕನ್ನಡೀಲಿ ಹೊಗೇನೇ ಇಲ್ಲ. ಆದ್ರೆ ಘಾಟಿ ಇಳಿಯೋವಾಗ ಸೆಕೆಂಡ್ ಗೇರಲ್ಲಿ ಆಕ್ಸಿಲೇಟರ್ ಬಿಟ್ಟು ಇಳಿದು, ಸೋಮೇಶ್ವರದ ಹತ್ರ ರಸ್ತೆ ಸಪಾಟಾದ ಮೇಲೆ ಒತ್ತಿದ ತಕ್ಷಣ ಹಿಂದೆ ಒಂದು ದೊಡ್ಡ ನೀಲಿ ಮೋಡ.

ಇದು ರಿಂಗಿನ ಲಕ್ಷಣ ಅಲ್ಲ. ರಿಂಗ್ ಸವೆದಿದ್ರೆ ಲೋಡ್ ಹಾಕಿದಾಗ, ಘಾಟಿ ಹತ್ತೋವಾಗ್ಲೇ ಹೊಗೆ ಉಗುಳ್ಬೇಕು, ಇಂಜಿನ್ ಬಿಸಿ ಆದ್ಮೇಲೂ ಬಿಡದೆ ಬರಬೇಕು. ಆಕ್ಸಿಲೇಟರ್ ಬಿಟ್ಟು ಇಳಿಯೋವಾಗ ಆಗೋದೇ ಬೇರೆ. ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು, ಅಂದ್ರೆ ಥ್ರಾಟಲ್, ಮುಚ್ಚಿರುತ್ತೆ, ಇಂಜಿನ್ ಮಾತ್ರ ಜೋರಾಗಿ ತಿರುಗ್ತಿರುತ್ತೆ, ಒಳಗೆ ಗಾಳಿ ಇಲ್ದೆ ವ್ಯಾಕ್ಯೂಮ್ ಏರುತ್ತೆ, ಆ ಸೆಳೆತಕ್ಕೆ ಇಂಜಿನ್ ತಲೆಯಲ್ಲಿರೋ ಆಯಿಲ್ ವಾಲ್ವ್ ಕಡ್ಡಿ ಹಿಡ್ಕೊಂಡು ಕೆಳಗಿಳಿಯುತ್ತೆ, ಮತ್ತೆ ಆಕ್ಸಿಲೇಟರ್ ಒತ್ತಿದ ತಕ್ಷಣ ಉರಿದು ಹೊಗೆ ಆಗುತ್ತೆ. ಅದನ್ನ ತಡೆಯೋಕೆ ಅಂತಾನೇ ಪ್ರತಿ ವಾಲ್ವಿಗೂ ಒಂದು ರಬ್ಬರ್ ಸೀಲ್ ಇರುತ್ತೆ. ಇಪ್ಪತ್ತು ವರ್ಷ ಆ ಬಿಸೀಲಿ ಕೂತ ರಬ್ಬರ್ ಗಟ್ಟಿಯಾಗುತ್ತೆ, ಬಿರುಕು ಬಿಡುತ್ತೆ, ಅದು ಕಂಪನಿ ತಪ್ಪಲ್ಲ, ಯಾವ ಗಾಡಿಯಾದ್ರೂ ಅಷ್ಟೇ. ರಾತ್ರಿ ನಿಂತಾಗ್ಲೂ ಅದೇ ದಾರೀಲಿ ಹನಿ ಹನಿ ಇಳಿದು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಉರಿಯುತ್ತೆ.

ಇಷ್ಟು ಗೊತ್ತಾದ ಮೇಲೆ ನಾನು ಊಹೆ ನಂಬ್ಕೊಂಡು ಕೂರ್ಲಿಲ್ಲ. ಕೊಪ್ಪದಲ್ಲಿ ಐಟಿಐ ಮಾಡಿರೋ ಒಬ್ಬ ಹುಡುಗ ಶೆಡ್ ಇಟ್ಕೊಂಡಿದ್ದಾನೆ, ಅವನ ಹತ್ರ ಸಿಲಿಂಡರ್ ಒಳಗೆ ಒತ್ತಡ ಎಷ್ಟು ಏರುತ್ತೆ ಅಂತ ಅಳೆಯೋ ಕಂಪ್ರೆಷನ್ ಗೇಜ್ ಇದೆ ಅಂತ ಗೊತ್ತಾಗಿ ಹೋದೆ. ಮೊದಲು ಇಂಜಿನ್ ಓಡ್ತಿರೋವಾಗ್ಲೇ ಆಯಿಲ್ ಹಾಕೋ ಕ್ಯಾಪ್ ತೆಗೆದು ನೋಡ್ದ. ರಿಂಗ್ ಹೋಗಿದ್ರೆ ಅಲ್ಲಿಂದ ಬುಸ್ ಬುಸ್ ಅಂತ ಹೊಗೆ ನೂಕ್ಬೇಕು, ನಮ್ಮದ್ರಲ್ಲಿ ಸಣ್ಣಗೆ ಗಾಳಿ ಬಿಟ್ರೆ ಏನಿಲ್ಲ. ಪಿಸಿವಿ ವಾಲ್ವ್ ಕಿತ್ತು ಅಲ್ಲಾಡಿಸಿದ, ಕಟಕಟ ಅನ್ಲಿಲ್ಲ, ಕಟ್ಕೊಂಡಿತ್ತು. ಇಂಜಿನ್ ಒಳಗೆ ಕೂರೋ ಆವಿನ ಮತ್ತೆ ಉರಿಯೋಕೆ ಗಾಳಿ ಜೊತೆ ಕಳ್ಸೋ ಸಣ್ಣ ವಾಲ್ವ್ ಅದು, ಕಟ್ಕೊಂಡ್ರೆ ಒಳಗೆ ಪ್ರೆಷರ್ ಕೂತು ಆಯಿಲ್ ಸಿಕ್ಕ ಸಿಕ್ಕ ಕಡೆ ತಳ್ಳುತ್ತೆ, ಬೆಲೆ ಕೆಲವೇ ನೂರು ರೂಪಾಯಿ. ಆಮೇಲೆ ಮೂರೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ನನಗೆ ಆಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ ಅಂದ. ಮೂರು ಸಿಲಿಂಡರಿನ ಒತ್ತಡ 178, 174, 180 ಪಿಎಸ್‌ಐ.

ಸಿಲಿಂಡರ್‌ಗಳ ಮಧ್ಯೆ ವ್ಯತ್ಯಾಸ 10 ಪರ್ಸೆಂಟ್ ಒಳಗಿದ್ರೆ ಸಾಕು ಅಂತಾರೆ, ನಮ್ಮದು 4 ಪರ್ಸೆಂಟೂ ಇಲ್ಲ. ಇದೇ ಇಂಜಿನ್ನಿಗೆ 55 ಸಾವಿರದ ಬೋರ್ ಕೆಲಸ ಹೇಳಿದ್ದು! ನಿಮ್ಮ ಗಾಡೀಲಿ ಒಂದು ಸಿಲಿಂಡರ್ ಕಮ್ಮಿ ತೋರಿಸಿದ್ರೂ ತಕ್ಷಣ ಗಾಬರಿ ಬೀಳ್ಬೇಡಿ, ಆ ಪ್ಲಗ್ ತೂತಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡೋಕೆ ಹೇಳಿ, ರೀಡಿಂಗ್ ಏರಿದ್ರೆ ರಿಂಗ್ ಸವೆದಿದೆ, ಏರದಿದ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ, ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಮ್ಮಿ ಇದ್ರೆ ಸಿಲಿಂಡರಿಗೂ ಮೇಲಿನ ಹೆಡ್ಡಿಗೂ ಮಧ್ಯೆ ಇರೋ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಎಲ್ಲಾ ಸೇರಿ ಅರ್ಧ ಗಂಟೆ ಕೆಲಸ.

ಸರಿ, ಹೊಗೆ ವಿಷಯ ಆಯ್ತು. ಪಿಕಪ್ ಎಲ್ಲಿ ಹೋಯ್ತು? ಕಂಪ್ರೆಷನ್ ಇಷ್ಟು ಚೆನ್ನಾಗಿದ್ರೆ ಎಳೀಬೇಕಲ್ಲ. ಕ್ಲಚ್ ಜಾರಿದ್ರೆ ಇಂಜಿನ್ ಶಬ್ದ ಏರುತ್ತೆ, ಗಾಡಿ ಓಡಲ್ಲ. ನಮ್ಮದ್ರಲ್ಲಿ ಶಬ್ದಾನೇ ಏರ್ತಿರ್ಲಿಲ್ಲ. ಆರ್‌ಪಿಎಂ ಮೀಟರ್ ಇಲ್ಲದ ಮಾಡೆಲ್, ಕಿವೀಲೇ ಕೇಳ್ಬೇಕು. ಏರ್ ಫಿಲ್ಟರ್ ಹೊಸದು, ಪ್ಲಗ್ ಹೊಸದು, ಪೆಟ್ರೋಲ್ ಪ್ರೆಷರ್ ಸರಿ ಇದೆ. ನನ್ನ ಹತ್ರ ಇದ್ದ ಬ್ಲೂಟೂತ್ ಸ್ಕ್ಯಾನರ್ ಈ ಗಾಡಿಗೆ ಕನೆಕ್ಟೇ ಆಗ್ಲಿಲ್ಲ, ಅದೇನು ಆಶ್ಚರ್ಯ ಅಲ್ಲ, ನಮ್ಮ ದೇಶದಲ್ಲಿ ಗಾಡಿ ತನ್ನ ತೊಂದರೆ ತಾನೇ ಸ್ಕ್ಯಾನರಿಗೆ ಹೇಳೋ ಓಬಿಡಿ ವ್ಯವಸ್ಥೆ ಕಡ್ಡಾಯ ಆಗಿದ್ದು 2010ರ ನಂತರದ ಗಾಡಿಗಳಿಗೆ.

ಆ ಹುಡುಗ ಮಾಡಿದ ಟೆಸ್ಟ್ ನನಗೆ ಜೀವನ ಪೂರ್ತಿ ನೆನಪಿರುತ್ತೆ. ತಣ್ಣಗಿರೋ ಇಂಜಿನ್ನಿಂದ ಹೊಗೆ ಹೊರಗೆ ಬರೋ ಪೈಪಲ್ಲಿ (ಎಗ್ಸಾಸ್ಟ್ ಮ್ಯಾನಿಫೋಲ್ಡ್) ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಅಂತ ನೋಡೋ ಆಕ್ಸಿಜನ್ ಸೆನ್ಸರ್ ಇರುತ್ತಲ್ಲ, ಅದನ್ನ ಬಿಚ್ಚಿ ವೈರಿಗೆ ಬಿಸಿ ತಾಗದಂಗೆ ಪಕ್ಕಕ್ಕೆ ಕಟ್ಟಿ, ಗಾಡಿ ಸ್ಟಾರ್ಟ್ ಮಾಡಿ ಶೆಡ್ ಪಕ್ಕದ ಏರಲ್ಲಿ ನೂರು ಮೀಟರ್ ಓಡ್ಸಿ ಅಂದ. ಟ್ರಾಕ್ಟರ್ ತರ ಶಬ್ದ, ಆದ್ರೆ ಗಾಡಿ ಹಾರ್ತು ಮಾರಾಯ್ರೆ! ಮರೆತೇ ಹೋಗಿದ್ದ ಎಳೆತ. ಹೊಗೆ ಹೊರಗೆ ಹೋಗೋಕೆ ಆ ಸಣ್ಣ ತೂತು ಸಿಕ್ಕಿದ್ದಕ್ಕೇ ಅಷ್ಟು ವ್ಯತ್ಯಾಸ, ಅಂದ್ರೆ ಮುಂದೆ ಹೊಗೆಯ ವಿಷ ಕಮ್ಮಿ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಕೊಂಡಿದೆ ಅಂತ ಅರ್ಥ. ಅದರ ಒಳಗೆ ಜೇನುಗೂಡಿನ ತರ ಸಣ್ಣ ಸಣ್ಣ ಕಿಂಡಿ ಇರುತ್ತೆ, ವರ್ಷಗಟ್ಟಲೆ ಉರಿದ ಆಯಿಲಿನ ಬೂದಿ ಅದ್ರಲ್ಲಿ ಕೂತಿದೆ. ಉಸಿರು ಹೊರಗೆ ಬಿಡೋಕೆ ಆಗದಿದ್ರೆ ಒಳಗೆ ಎಳ್ಕೊಳ್ಳೋಕೂ ಆಗಲ್ವಲ್ಲ, ಇಂಜಿನ್ನಿಗೂ ಅದೇ ಕಥೆ. ಇದು ಮನೇಲಿ ಮಾಡೋ ಟೆಸ್ಟ್ ಅಲ್ಲ, ಗೊತ್ತಿರೋರ ಹತ್ರಾನೇ ಮಾಡಿಸಿ.

ಅಂದ್ರೆ ನಾನು ಎರಡು ಅಂದ್ಕೊಂಡಿದ್ದು ಒಂದೇ ರೋಗ. ಸೀಲ್ ಗಟ್ಟಿಯಾಗಿ ಆಯಿಲ್ ಇಳೀತು, ಆ ಆಯಿಲ್ ಉರಿದು ಕನ್ವರ್ಟರ್ ಕಟ್ತು, ಪಿಕಪ್ ಹೋಯ್ತು. ಬರೀ ರಿಂಗ್ ಪಿಸ್ಟನ್ ಬದಲಾಯಿಸಿ ಬಂದಿದ್ರೆ 55 ಸಾವಿರ ಕೊಟ್ಟ ಮೇಲೂ ಗಾಡಿ ಘಾಟಿ ಹತ್ತೋಕೆ ಒದ್ದಾಡ್ತಿತ್ತು.

ಇನ್ನೊಂದು ವಿಷಯ ನನಗೆ ತುಂಬಾ ಬೇಜಾರು ತರ್ಸಿದ್ದು. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಹಳೇ ಎಮಿಷನ್ ಟೆಸ್ಟ್ ಚೀಟಿಗಳು ಇದ್ವು, ಆರಾರು ತಿಂಗಳಿಗೊಂದು. ಅದ್ರಲ್ಲಿ ಎಚ್‌ಸಿ ಅಂತ ಒಂದು ನಂಬರ್ ಇರುತ್ತೆ, ಉರಿಯದೆ ಹೊರಗೆ ಬಂದ ಪೆಟ್ರೋಲ್, ಆಯಿಲ್ ಎಷ್ಟು ಅಂತ. ಸಾಲಾಗಿ ಇಟ್ಟು ನೋಡಿದ್ರೆ 180, 260, 410, 590 ಪಿಪಿಎಂ. ಇಂಥ ಗಾಡಿಗೆ ಮಿತಿ 750, ಹಾಗಾಗಿ ಪ್ರತಿ ಸಲ ಪಾಸ್. ಎರಡು ವರ್ಷ ಗಾಡಿ ನನಗೆ ಬರೆದು ಕೊಡ್ತಾನೇ ಇತ್ತು, ನಾನು ಒಂದ್ಸಲಾನೂ ಓದ್ಲಿಲ್ಲ. ದಯವಿಟ್ಟು ಆ ಚೀಟಿ ಬಿಸಾಡ್ಬೇಡಿ, ಪಾಸ್ ಆಯ್ತಾ ಅಂತ ಮಾತ್ರ ನೋಡ್ಬೇಡಿ, ಹಿಂದಿನ ಸಲಕ್ಕಿಂತ ಎಷ್ಟು ಏರಿದೆ ಅಂತ ನೋಡಿ.

ರಿಪೇರಿ ಮಾಡ್ಸೋವಾಗ ಒಂದು ಕ್ರಮ ಇಟ್ಕೊಂಡ್ವಿ, ಮೊದಲು ಸೀಲ್, ಆಮೇಲೆ ಕನ್ವರ್ಟರ್. ಉಲ್ಟಾ ಮಾಡಿದ್ರೆ ಹೊಸ ಕನ್ವರ್ಟರನ್ನೂ ಅದೇ ಆಯಿಲ್ ತಿಂದು ಹಾಕುತ್ತೆ. ಹೆಡ್ ಇಳಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಸಿಲಿಂಡರ್ ಗೋಡೆ ಮೇಲೆ ಫ್ಯಾಕ್ಟರೀಲಿ ಹಾಕಿದ ಅಡ್ಡಗೀರು ಇನ್ನೂ ಕಾಣ್ತಿತ್ತು, ಅಂದ್ರೆ ಗೋಡೆ ಸವೆದೇ ಇಲ್ಲ, ಟಾರ್ಚ್ ಹಿಡಿದು ಫೋಟೋ ತೆಗೆದೆ. ತೆಗೆದ ಸೀಲ್ ಕೈಯಲ್ಲಿ ಒತ್ತಿದ್ರೆ ರಬ್ಬರ್ ಅಲ್ಲ, ಪ್ಲಾಸ್ಟಿಕ್ ತರ, ಒಂದು ಮುರಿದೇ ಹೋಯ್ತು. 12 ಸೀಲ್, ವಾಲ್ವ್ ಸರಿಯಾಗಿ ಕೂರೋ ಹಂಗೆ ಉಜ್ಜೋ ಕೆಲಸ (ಲ್ಯಾಪಿಂಗ್), ಹೆಡ್ ಗ್ಯಾಸ್ಕೆಟ್, ಹೇಗೂ ಬಿಚ್ಚಿದೀವಿ ಅಂತ ಟೈಮಿಂಗ್ ಬೆಲ್ಟ್, ಪಿಸಿವಿ ವಾಲ್ವ್, ಆಯಿಲ್, ಕೂಲಂಟ್, ಕೂಲಿ ಎಲ್ಲಾ ಸೇರಿ 12,400 ರೂಪಾಯಿ. ಕನ್ವರ್ಟರಿಗೆ 14,000.

ಈ ಕನ್ವರ್ಟರ್ ವಿಷಯದಲ್ಲಿ ನನಗೆ ತುಂಬಾ ಜನ ಕೊಟ್ಟ ಸಲಹೆ, "ಒಳಗಿನ ಜಾಲರಿ ಒಡೆದು ಖಾಲಿ ಡಬ್ಬ ಹಾಕ್ಸಿ, 500 ರೂಪಾಯಲ್ಲಿ ಆಗುತ್ತೆ." ಆಗುತ್ತೆ, ಪಿಕಪ್ಪೂ ಬರುತ್ತೆ. ನಾನು ಒಪ್ಪಲ್ಲ. ಆ ಜಾಲರಿ ಇರೋದೇ ಕಾರ್ಬನ್ ಮಾನಾಕ್ಸೈಡ್ ತರದ ವಿಷಾನ ಕಮ್ಮಿ ಮಾಡೋಕೆ, ನಮ್ಮ ಗಾಡಿ ಹಿಂದೆ ಶಾಲೆ ಮಕ್ಕಳು ಸೈಕಲ್ಲಲ್ಲಿ ಬರ್ತಾವೆ. ಇನ್ನೂ ಒಂದು, ಆ ಜಾಲರಿ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ ಇರುತ್ತೆ, ಗುಜರಿಯವರು ಒಳ್ಳೆ ಬೆಲೆಗೆ ತಗೋತಾರೆ, ಹಂಗಾಗಿ ಹಳೇದನ್ನ ಕೇಳಿ ವಾಪಸ್ ಇಸ್ಕೊಳ್ಳಿ, ಅದು ನಿಮ್ಮ ಸೊತ್ತು.

ಬೇರೆ ಬಣ್ಣದ ಹೊಗೆ ಬಗ್ಗೆ ಎರಡೇ ಮಾತು. ಮಲೆನಾಡಿನ ಚಳೀಲಿ ಬೆಳಿಗ್ಗೆ ಬಿಳಿ ಹೊಗೆ ಬಂದು ಇಂಜಿನ್ ಬಿಸಿಯಾದ ಮೇಲೆ ನಿಂತ್ರೆ ಅದು ಬರೀ ನೀರಾವಿ, ಬಿಟ್ಟಾಕಿ. ನಿಲ್ಲದೆ ಬರ್ತಿದ್ದು, ಸಿಹಿ ವಾಸನೆ ಇದ್ದು, ಕೂಲಂಟ್ ಕಮ್ಮಿ ಆಗ್ತಿದ್ರೆ ಮಾತ್ರ ಗಾಡಿ ಅಲ್ಲೇ ನಿಲ್ಸಿ. ಕಪ್ಪು ಹೊಗೆ ಅಂದ್ರೆ ಗಾಳಿಗಿಂತ ಇಂಧನ ಜಾಸ್ತಿ ಆಗಿದೆ ಅಂತ. ನಮ್ಮ ಭಾವನ ಡೀಸಲ್ ಗಾಡಿ ಕಪ್ಪು ಹೊಗೆ ಬಿಟ್ಟು ಪಿಕಪ್ ಕಳ್ಕೊಂಡಾಗ ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಟರ್ಬೋ ಹೋಗಿದೆ ಅಂತ 40 ಸಾವಿರ ಹೇಳಿದ್ರಂತೆ. ಆಮೇಲೆ ನೋಡಿದ್ರೆ ಟರ್ಬೋದಿಂದ ಆ ಗಾಳಿ ತಣ್ಣಗೆ ಮಾಡೋ ಇಂಟರ್‌ಕೂಲರಿಗೆ ಹೋಗೋ ಹೋಸ್ ಕೆಳಗಡೆ ಸೀಳಿತ್ತು, ಅಳೆದು ಒಳಗೆ ಬಿಟ್ಟ ಗಾಳಿ ದಾರೀಲೇ ಸೋರಿ ಹೋಗ್ತಿತ್ತು, ಡೀಸಲ್ ಮಾತ್ರ ಲೆಕ್ಕದ ಪ್ರಕಾರ ಬೀಳ್ತಿತ್ತು.

ನಾನು ಎಲ್ಲಾ ಗ್ಯಾರೇಜಿನವರನ್ನ ಬೈತಿಲ್ಲ. ಕೊಪ್ಪದ ಹುಡುಗಾನೂ ಮೆಕ್ಯಾನಿಕ್ಕೇ. ಅಳೆದು ಹೇಳಿ ಅಂತ ಕೇಳೋ ಗಿರಾಕಿಗಳು ಜಾಸ್ತಿ ಆಗ್ಬೇಕು, ಅಳೆಯೋ ಕೆಲಸಕ್ಕೂ ದುಡ್ಡು ಕೊಡ್ಬೇಕು. ಅವನು ಆ ದಿನ ಟೆಸ್ಟಿಗೆ ಏನೂ ಬೇಡ ಅಂದ, ನಾನು ಬಲವಂತವಾಗಿ 600 ಕೊಟ್ಟು ಬಂದೆ.

ಈಗ 4,000 ಕಿಲೋಮೀಟರ್ ಆಯ್ತು. ಮೊದಲು ಸಾವಿರಕ್ಕೆ ಮುಕ್ಕಾಲು ಲೀಟರ್ ಆಯಿಲ್ ಕುಡೀತಿತ್ತು, ಈಗ ಡಿಪ್‌ಸ್ಟಿಕ್ಕಲ್ಲಿ ಗೆರೆ ಕೆಳಗಿಳಿದಿದ್ದು ಗೊತ್ತೇ ಆಗಲ್ಲ. ಮೊನ್ನೆ ಎಮಿಷನ್ ಚೀಟೀಲಿ ಎಚ್‌ಸಿ 95. ಈ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮತ್ತೆ ಮಾಡಿಸ್ಬೇಕು, ಮಾಡಿಸ್ತೀನಿ.

ನಾನೂ ಒಂದು ಕಂಪ್ರೆಷನ್ ಗೇಜ್ ತಗೊಂಡಿದೀನಿ, ಪೆಟ್ರೋಲ್ ಗಾಡಿಗಳದ್ದು, ಡೀಸಲಿಗೆ ಆಗಲ್ಲ, ಅದಕ್ಕೆ ಬೇರೆ ಗೇಜ್ ಬೇಕು. ತೀರ್ಥಹಳ್ಳಿ ಕೊಪ್ಪ ಕಡೆಯವರು ಯಾರಾದ್ರೂ ಇಂಜಿನ್ ಬಿಚ್ಚಿಸೋ ಯೋಚನೇಲಿ ಇದ್ರೆ ಮೊದಲು ನನಗೊಂದು ಮೆಸೇಜ್ ಹಾಕಿ, ಬಂದು ತಗೊಂಡು ಹೋಗಿ, ಕೆಲಸ ಮುಗಿದ ಮೇಲೆ ವಾಪಸ್ ಕೊಟ್ರೆ ಸಾಕು.