ಪ್ಯಾಮ್ ಗೋಡೆಯಿಂದ ಆ ಚಿತ್ರ ತೆಗೆದಾಗ

ನಿನ್ನೆ ರಾತ್ರಿ ‘ದಿ ಆಫೀಸ್’ ಮುಗಿಸಿದೆ. 2005ರಿಂದ 2013ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಧಾರಾವಾಹಿ, ಒಟ್ಟು 9 ಸೀಸನ್. ಕೊನೆಯ ಎಪಿಸೋಡನ್ನು ನಾಲ್ಕು ದಿನ ಮುಟ್ಟದೆ ಹಾಗೇ ಇಟ್ಟಿದ್ದೆ. ನೋಡಿಬಿಟ್ಟರೆ ಮುಗಿದೇ ಹೋಗುತ್ತಲ್ಲ ಅನ್ನೋ ಸಂಕಟ.

ಸ್ಕ್ರಾಂಟನ್ ಅನ್ನೋ ಊರಲ್ಲಿ ಕಾಗದ ಮಾರುವ ಒಂದು ಆಫೀಸು. ಅಲ್ಲಿನವರನ್ನು ಚಿತ್ರಿಸಲು ಡಾಕ್ಯುಮೆಂಟರಿಯವರು ಬಂದಿದ್ದಾರೆ. ಹಿಂದಿನಿಂದ ಯಾರೋ ನಗುವ ಸದ್ದು ಇದರಲ್ಲಿಲ್ಲ. ಎಲ್ಲಿ ನಗಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅದಕ್ಕೇ ಇರಬೇಕು, ಇವರೆಲ್ಲ ನಮ್ಮ ಪಕ್ಕದ ಮೇಜಿನವರೇ ಅನ್ನಿಸಿಬಿಡುತ್ತಾರೆ.

ಮ್ಯಾನೇಜರ್ ಮೈಕಲ್ ಪಾತ್ರದ ಸ್ಟೀವ್ ಕ್ಯಾರೆಲ್ ಏಳನೇ ಸೀಸನ್ನಿನಲ್ಲಿ ಹೊರಟುಹೋದರು. ಏರ್‌ಪೋರ್ಟಿನಲ್ಲಿ ಮೈಕಲ್ ಡಾಕ್ಯುಮೆಂಟರಿಯವರ ಮೈಕು ಬಿಚ್ಚಿ ಕೊಟ್ಟುಬಿಡುತ್ತಾನೆ. ಆಮೇಲೆ ಅದೇ ಆಫೀಸಿನಲ್ಲಿ ಕೆಲಸ ಮಾಡುವ ಪ್ಯಾಮ್ ಓಡಿ ಬಂದು ತಬ್ಬಿಕೊಳ್ಳುತ್ತಾಳೆ. ಇಬ್ಬರೂ ಏನು ಮಾತಾಡಿಕೊಂಡರು, ನಮಗೆ ಕೇಳಿಸುವುದೇ ಇಲ್ಲ. ಅವರಿಬ್ಬರ ಮಾತು ಅವರಿಗೇ ಇರಲಿ ಅಂತ ಬಿಟ್ಟರಲ್ಲ, ಎಂಥಾ ಮರ್ಯಾದೆ ಅದು!

‘ಅಲ್ಲಿಗೇ ನಿಲ್ಲಿಸು, ಮುಂದೆ ಚೆನ್ನಾಗಿಲ್ಲ’ ಅಂತ ಜಾಸ್ತಿ ಜನ ಹೇಳುತ್ತಾರೆ. ಎಂಟನೇ ಸೀಸನ್ ಸೊರಗಿದ್ದು ನಿಜ, ಒಪ್ಪುತ್ತೇನೆ. ಆದರೂ ದಯವಿಟ್ಟು ನಿಲ್ಲಿಸಬೇಡಿ.

ಮೂರನೇ ಸೀಸನ್ನಿನಲ್ಲಿ ಪ್ಯಾಮ್ ಬಿಡಿಸಿದ ಚಿತ್ರಗಳ ಪ್ರದರ್ಶನ ಇರುತ್ತದೆ, ನೆನಪಿದೆಯಾ? ಎಲ್ಲರನ್ನೂ ಕರೆದಿದ್ದಳು. ಆಫೀಸಿನ ಆಸ್ಕರ್ ಬಂದ, ಬಂದು ಚಿತ್ರಗಳನ್ನು ಆಡಿಕೊಂಡ. ಅವಳ ಗೆಳೆಯ ರಾಯ್ ಬಂದು ಹೋದ. ಉಳಿದವರು ಬರಲಿಲ್ಲ. ಅವಳು ಎಲ್ಲವನ್ನೂ ತೆಗೆದಿಡುವ ಹೊತ್ತಿಗೆ ಮೈಕಲ್ ಬಂದ. ತಮ್ಮ ಆಫೀಸಿನ ಕಟ್ಟಡದ ಚಿತ್ರ ನೋಡಿ ನಿಂತುಬಿಟ್ಟ. ಮನಸಾರೆ ಹೊಗಳಿದ, ದುಡ್ಡು ಕೊಟ್ಟು ಕೊಂಡುಕೊಳ್ಳುತ್ತೇನೆ ಅಂದ. ಮಾತೆತ್ತಿದರೆ ಎಡವಟ್ಟು ಮಾಡುವ ಮನುಷ್ಯ, ಅವತ್ತು ಒಂದು ಮಾತೂ ತಪ್ಪಾಡಲಿಲ್ಲ. ಆ ಚಿತ್ರ ಆಫೀಸಿನ ಗೋಡೆಗೆ ಬಂತು. ಆಮೇಲೆ ವರ್ಷಗಟ್ಟಲೆ ಅಲ್ಲೇ ಇತ್ತು. ಮೈಕಲ್ ಹೋದ ಮೇಲೂ ಇತ್ತು. ನಾವು ಅದನ್ನು ಗಮನಿಸುವುದನ್ನೇ ಬಿಟ್ಟಿದ್ದೆವು, ಅಲ್ವಾ?

ಕೊನೆಯ ಎಪಿಸೋಡಿನಲ್ಲಿ ಪ್ಯಾಮ್ ಆಫೀಸು ಬಿಟ್ಟು ಹೊರಡುವಾಗ ಅದನ್ನು ಗೋಡೆಯಿಂದ ತೆಗೆದುಕೊಳ್ಳುತ್ತಾಳೆ. ಅಷ್ಟು ಹೊತ್ತು ತಡೆದಿದ್ದೆ. ಅಲ್ಲಿ ಆಗಲಿಲ್ಲ, ಅತ್ತುಬಿಟ್ಟೆ. ಎಂಟನೇ ಸೀಸನ್ನಿನ ಆ ಸಪ್ಪೆ ದಿನಗಳನ್ನೂ ಅವರ ಜೊತೆ ಕಳೆದಿದ್ದರಿಂದಲೇ ಆ ಕ್ಷಣ ಅಷ್ಟು ಭಾರವಾಯಿತು. ನಡುವೆ ಬಿಟ್ಟು ಹೋಗಿ, ಸುಮ್ನೆ ಕೊನೆಯದೊಂದನ್ನೇ ನೋಡಿದ್ದರೆ ಅದು ಗೋಡೆಯ ಮೇಲಿನ ಒಂದು ಚಿತ್ರ, ಅಷ್ಟೇ.

ಅದೇ ಎಪಿಸೋಡಿನಲ್ಲಿ, ಆಫೀಸಿನ ಇನ್ನೊಬ್ಬ ಡ್ವೈಟ್‌ನ ಮದುವೆಗೆ ಮೈಕಲ್ ಬರುತ್ತಾನೆ. ಆಡುವುದು ಎರಡೇ ಎರಡು ಮಾತು. ಇನ್ನೂ ಇರಬೇಕಿತ್ತು ಅಂತ ಕೆಲವರಿಗೆ ಬೇಜಾರು. ನನಗಂತೂ ಅದೇ ಸರಿ ಅನ್ನಿಸಿತು. ಅವನ ಬೀಳ್ಕೊಡುಗೆ ಆಗಿಹೋಗಿತ್ತು. ಈ ದಿನ ಉಳಿದವರದ್ದು. ಅವನು ಪಕ್ಕದಲ್ಲಿ ನಿಂತು, ಕಣ್ಣು ತುಂಬಿಕೊಂಡು, ಅವರನ್ನು ನೋಡುತ್ತಾನೆ.

ಮುಂದೆ ಏನು ನೋಡ್ತೀಯ ಅಂತ ಈಗಲೇ ಕೇಳಬೇಡಿ. ಸ್ವಲ್ಪ ದಿನ ಏನೂ ಬೇಡ.