ಪೊಟ್ಟಣದ ಹಿಂಬದಿ ಓದ್ರಪ್ಪಾ

ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಓಆರ್‌ಎಸ್ (ಮೈಯ ನೀರು, ಲವಣ ಇಳಿದಾಗ ನೀರಿಗೆ ಹಾಕಿ ಕುಡಿಯುವ ಉಪ್ಪು-ಗ್ಲೂಕೋಸ್ ಪುಡಿ) ಕಲಸುವುದು ಮಾತ್ರ ನಮಗೆ ಇನ್ನೂ ಬರುತ್ತಿಲ್ಲ. ಕಲಬುರಗಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಗಾರೆ ಕೆಲಸದವರಿಗೆ ಆ ಭಾಗ್ಯವಿಲ್ಲ. ರಾತ್ರಿಯೂ ಸೆಕೆ ಇಳಿಯದೆ ಮೈ ಚೇತರಿಸಿಕೊಳ್ಳುವುದಿಲ್ಲ. ಕೈಗೊಂದು ಓಆರ್‌ಎಸ್ ಪೊಟ್ಟಣ ಕೊಟ್ಟರೆ ಮುಗಿಯಿತು ಅಂತ ಮೇಸ್ತ್ರಿಗಳ ಲೆಕ್ಕ.

ಆ ಪೊಟ್ಟಣವನ್ನೋ, ಒಂದು ಲೋಟ ನೀರಿಗೆ ಸುರಿದು ಗಟಗಟ ಕುಡಿಸುತ್ತಾರೆ! 20.5 ಗ್ರಾಂ ಪುಡಿ ಇರುವುದು ಪೂರ್ತಿ ಒಂದು ಲೀಟರ್ ನೀರಿಗೆ. ಅದರಲ್ಲಿ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಈ ಹದದಲ್ಲಿದ್ದರಷ್ಟೇ ಕರುಳು ನೀರನ್ನು ಸರಿಯಾಗಿ ಹೀರುತ್ತದೆ. 200 ಎಂಎಲ್ ಲೋಟಕ್ಕೆ ಹಾಕಿದರೆ ಐದು ಪಟ್ಟು ಗಟ್ಟಿ. ಆಗ ಕರುಳು ಮೈಯೊಳಗಿನ ನೀರನ್ನೇ ಎಳೆದುಕೊಂಡು ಭೇದಿ ಹತ್ತುತ್ತದೆ, ಮಕ್ಕಳಿಗಂತೂ ರಕ್ತದಲ್ಲಿ ಸೋಡಿಯಂ ಏರಿ ಫಿಟ್ಸ್ ಬರಬಹುದು. ಲೋಟಕ್ಕೇ ಬೇಕೆಂದರೆ 200 ಎಂಎಲ್‌ನ ಸಣ್ಣ ಪೊಟ್ಟಣ ಸಿಗುತ್ತದೆ, ಕೇಳಿ ತನ್ನಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ.

ಇನ್ನು, ಬಿಸಿಲಿಗೆ ಎಚ್ಚರ ತಪ್ಪಿ ಬಿದ್ದವರ ಬಾಯಿಗೆ ನೀರು ಹುಯ್ಯುವ ಚಾಳಿ. ದಯವಿಟ್ಟು ಬಿಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ, ನೆರಳಿಗೆ ಒಯ್ದು, ಮೈತುಂಬ ತಣ್ಣೀರು ಸುರಿದು ಗಾಳಿ ಬೀಸುತ್ತಿರಿ. ಪ್ಯಾರಾಸಿಟಮಾಲ್ ನುಂಗಿಸಬೇಡಿ, ಈ ಕಾವಿಗೆ ಅದು ನಾಟುವುದಿಲ್ಲ.