ಸ್ಪಷ್ಟನೆ: ಚರಂಡಿ ನೀರಿನ ‘ವೈರಸ್ ಔಷಧ’ವನ್ನು ಕೆಚ್ಚಲಿಗೆ ಏರಿಸಬೇಡಿ

‘ಔಷಧಿಗೆ ಬಗ್ಗದ ಕೆಚ್ಚಲು ಬಾವಿಗೆ ಬ್ಯಾಕ್ಟೀರಿಯಾ ತಿನ್ನುವ ವೈರಸ್ ಇದೆ, ಚರಂಡಿ ನೀರು ಸೋಸಿ ಮೊಲೆಗೆ ಏರಿಸಿದರೆ ಒಂದೇ ದಿನಕ್ಕೆ ವಾಸಿ’ ಎಂಬ ಸಂದೇಶ ಚಿಂತಾಮಣಿ, ಶ್ರೀನಿವಾಸಪುರ ಕಡೆಯ ಹೈನುಗಾರರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲರ್ಧ ನಿಜ. ಉಳಿದದ್ದನ್ನು ನಂಬಿದರೆ ಹಸುವೇ ಹೋದೀತು.

ಈ ವೈರಸ್‌ಗೆ 1917ರಲ್ಲಿ ವಿಜ್ಞಾನಿ ಫೆಲಿಕ್ಸ್ ಡಿ’ಹೆರೆಲ್ ಇಟ್ಟ ಹೆಸರು ಬ್ಯಾಕ್ಟೀರಿಯೋಫೇಜ್, ಚಿಕ್ಕದಾಗಿ ಫೇಜ್. ಚರಂಡಿ ನೀರಲ್ಲಿ ಅದು ಇರುವುದೂ ಹೌದು. ಆದರೆ ಬಟ್ಟೆಯಲ್ಲಿ ಸೋಸಿದರೆ ಇ. ಕೋಲಿ ಬ್ಯಾಕ್ಟೀರಿಯಾ ಹಾಗೇ ಉಳಿದು ಕೆಚ್ಚಲೊಳಗೆ ಹೋಗುತ್ತದೆ. ಕುದಿಸಿದರೆ ಫೇಜೂ ಸಾಯುತ್ತದೆ. ಮೇಲಾಗಿ ಒಂದು ಫೇಜ್ ಸಾಮಾನ್ಯವಾಗಿ ಒಂದೇ ಜಾತಿಯ ಬ್ಯಾಕ್ಟೀರಿಯಾವನ್ನು, ಅದರಲ್ಲೂ ಕೆಲವು ತಳಿಗಳನ್ನಷ್ಟೇ ಕೊಲ್ಲುತ್ತದೆ.

ಪ್ರಯೋಗಾಲಯದಲ್ಲಿ ಶುದ್ಧೀಕರಿಸಿದ ಫೇಜೂ ಪವಾಡ ಮಾಡಿಲ್ಲ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೆಚ್ಚಲು ಬಾವು ತರುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಸೋಂಕಿದ್ದ 18 ಮೊಲೆಗಳಿಗೆ ದಿನಕ್ಕೆ 10 ಮಿ.ಲೀ.ಯಂತೆ 5 ದಿನ ಫೇಜ್ ಏರಿಸಿದರು, ವಾಸಿಯಾದದ್ದು 3. ಹಾಲಿನ ವ್ಹೇ (ಹಾಲು ಒಡೆದಾಗ ಬೇರೆಯಾಗುವ ನೀರು) ಪ್ರೋಟೀನ್ ಫೇಜನ್ನು ಬ್ಯಾಕ್ಟೀರಿಯಾಕ್ಕೆ ಅಂಟಲು ಬಿಡುವುದಿಲ್ಲ. ನಮ್ಮ ಪಶು ಆಸ್ಪತ್ರೆಗಳಲ್ಲಿ ಇದಿನ್ನೂ ಮಾಮೂಲು ಚಿಕಿತ್ಸೆಯಲ್ಲ.

ಔಷಧಿ ಹಿಡಿಯುತ್ತಿಲ್ಲವೆಂದರೆ, ಮುಂದಿನ ಟ್ಯೂಬ್ ಏರಿಸುವ ಮೊದಲೇ ಹಾಲು ಪರೀಕ್ಷೆ ಮಾಡಿಸಿ. ಮೊಲೆ ತೊಳೆದು ಒರೆಸಿ, ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಉಜ್ಜಿ. ಮೊದಲ ಮೂರ್ನಾಲ್ಕು ಧಾರೆ ಚೆಲ್ಲಿ, ಕ್ರಿಮಿಶುದ್ಧ ಬಾಟಲಿಯನ್ನು ಓರೆಯಾಗಿ ಹಿಡಿದು 5 ಮಿ.ಲೀ. ಕರೆಯಿರಿ. ಬೆರಳು ಬಾಟಲಿಯ ಬಾಯಿಗೆ ತಾಗಿದರೂ ಫಲಿತಾಂಶ ಕೆಡುತ್ತದೆ. ಐಸ್‌ನಲ್ಲಿಟ್ಟು ಅಂದೇ ಪಶುವೈದ್ಯರಿಗೆ ಕೊಟ್ಟು, ಯಾವ ಆ್ಯಂಟಿಬಯೋಟಿಕ್ ನಾಟುತ್ತದೆಂದು ನೋಡಲು ಹೇಳಿ. ಚಿಕಿತ್ಸೆಯ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ.